ಬನಶಂಕರೆವ್ವನ ಹೆಸರಿನ ಸೀಟು

"ಸಮುದ್ರ ನೋಡಿ ಏನ್ ಕಿಸಿಯಾಕಿಯಬೇ ನೀ? ಕುಣ್ಯಾಗ ಕುಂತು ಕುಂತು ನಿನ್ನ ಕುಂಡಿ ಮಗ್ಗದ ಹಲಗಿ ಆಗೇತಿ. ಅಲ್ಲೆ ಮೆತ್ತನ ಖುರ್ಚಿ ಮ್ಯಾಲ ಕುಂದರಿಸಿದ್ರ ಎದ್ದ ಓಡಿ ಬರ್ತಿ."

ನೇಕಾರರ ಸಂಘದ ಅಧ್ಯಕ್ಷ ಸಂಗಪ್ಪ ಸಾವಕಾರ ತನ್ನ ಮಾತಿಗೆ ತಾನೇ ನಕ್ಕ. ಅವನು ನಕ್ಕಿದ್ದು ನೋಡಿ ಸಂಘದ ಕಾರ್ಯದರ್ಶಿ ಅಜಯಕುಮಾರನೂ ನಕ್ಕ.

ಬನಶಂಕರೆವ್ವ ಸಂಘದ ಆಫೀಸಿನ ಹೊಸ್ತಿಲ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದಳು. ಕೈಯಲ್ಲಿ ಆಧಾರ ಕಾರ್ಡಿನ ಎರಡು ಝೆರಾಕ್ಸು, ನೇಕಾರರ ಗುರುತಿನ ಚೀಟಿ. ಪ್ರವಾಸಕ್ಕೆ ಬೇಕು, ಜಲ್ದಿ ತಾ ಎಂದು ಹೇಳಿ ಕಳಿಸಿದ್ದು ಅಜಯಕುಮಾರನೇ. ಮಗ್ಗದಿಂದ ಎದ್ದವಳೇ ಸೆರಗಿಗೆ ಅಂಟಿದ ನೂಲಿನ ಧೂಳನ್ನೂ ಕೊಡವದೆ ಬಂದಿದ್ದಳು.

ಹದಿನೈದು ದಿನದ ಹಿಂದೆ ಸಂಘದ ಗೋಡೆಗೆ ಒಂದು ಪಟ್ಟಿ ಅಂಟಿತ್ತು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ನೇಯ್ದ ಹತ್ತು ಮಂದಿ ಹೆಣ್ಣುಮಕ್ಕಳನ್ನು ಸರಕಾರ ತನ್ನ ಖರ್ಚಿನಲ್ಲಿ ಕಡಲ ದಂಡೆಯ ಊರೊಂದಕ್ಕೆ ಕಳಿಸುತ್ತದೆ, ನಾಲ್ಕು ದಿನ ಅಲ್ಲಿ ಪಂಚತಾರಾ ಹೋಟೆಲಿನಲ್ಲಿ ವಿಶ್ರಾಂತಿ, ಒಂದು ತಾಸು ಕೈಮಗ್ಗದ ಪ್ರದರ್ಶನ ನೋಡುವುದು, ಉಳಿದದ್ದೆಲ್ಲ ಆರಾಮ ಎಂದು ಅದರಲ್ಲಿ ಬರೆದಿತ್ತು. ಮೊದಲನೆಯ ಹೆಸರೇ ಬನಶಂಕರೆವ್ವನದು. ಅವಳು ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗಕ್ಕೆ ಇಳಿದು ಇಪ್ಪತ್ತಾರು ವರ್ಷವಾಗಿತ್ತು.

ಅವತ್ತು ಮಧ್ಯಾಹ್ನ ಬೆಟಗೇರಿಯ ಆ ಓಣಿಯಲ್ಲಿ ಲಾಳಿಯ ಸದ್ದು ಒಂದು ತಾಸು ನಿಂತಿತ್ತು. ತಿಪ್ಪವ್ವನ ಕಟ್ಟೆಯ ಮೇಲೆ ಹೆಂಗಸರು ಸೇರಿ ಹೋಟೆಲಿನವರು ಕಳಿಸಿದ್ದ ನುಣುಪು ಕಾಗದವನ್ನು ಕೈಯಿಂದ ಕೈಗೆ ದಾಟಿಸಿದ್ದರು. ಏಳನೆಯ ಇಯತ್ತೆ ಓದಿದ್ದ ತಸ್ಲೀಮ ಓದಿ ಹೇಳುವವಳು. ಅವಳ ಹೆಸರೂ ಪಟ್ಟಿಯಲ್ಲಿತ್ತು.

"ಮರೀನಾ ಅಂದ್ರೇನಬೇ?" ತಿಪ್ಪವ್ವ ಕೇಳಿದ್ದಳು.

"ಶ್ರೀಮಂತರು ತಮ್ಮ ದೋಣಿ ನಿಲ್ಲಸೋ ಜಾಗಾ. ನಮ್ಮಲ್ಲಿ ಟಾಂಗಾ ಸ್ಟ್ಯಾಂಡ್ ಇರ್ತಿತ್ತಲ್ಲ, ಹಂಗ, ನೀರಾಗ."

"ಇಷ್ಟ್ ಬೆಳ್ಳಗ ಅದಾವಲ್ಲ ದೋಣಿ! ದಿನಾ ಯಾರ ತಿಕ್ಕತಾರೋ ಏನೋ."

"ಇಲ್ಲೆ ನೋಡ, ಮುಂಜಾನಿ ನಾಷ್ಟಾನ ನಲವತ್ತ ನಮೂನಿ ಅಂತ."

"ಇದ್ರ ಇರ್ಲಿ. ನಾವು ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟಗೊಂಡ ಹೋಗೂಣು. ಅವರದು ಹೊಟ್ಟಿಗೆ ಹೊಂದಲಿಲ್ಲಂದ್ರ?"

ರೊಟ್ಟಿ ಯಾರು ಮಾಡುವುದು, ಚಟ್ನಿ ಯಾರು ಕುಟ್ಟುವುದು, ನಾಲ್ಕು ದಿನ ಗಂಡಂದಿರಿಗೆ ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತಿಕೊಡುವವರು ಯಾರು ಎಂಬುದೆಲ್ಲ ಅಲ್ಲೇ ನಿಕ್ಕಿಯಾಯಿತು. ಸಮುದ್ರಕ್ಕೆ ಇಳಿಯುವಾಗ ಸೀರೆ ಎಲ್ಲಿಯ ತನಕ ಎತ್ತಬೇಕು ಎಂಬ ಚರ್ಚೆಗೆ ಎಲ್ಲರೂ ಬಿದ್ದುಬಿದ್ದು ನಕ್ಕರು. ಬನಶಂಕರೆವ್ವ ಮಾತ್ರ ಕಾಗದದ ಒಂದು ಮೂಲೆಯನ್ನೇ ನೋಡುತ್ತಿದ್ದಳು. ಅಲ್ಲಿ ಮರಳಿನ ಮೇಲೆ ಒಂದು ಉದ್ದನೆಯ ಕುರ್ಚಿ, ಅದರ ಮೇಲೆ ಒಬ್ಬಳು ಕಾಲು ಚಾಚಿ ಮಲಗಿದ್ದಳು.

"ಈಕಿ ಏನ್ ಮಾಡಾಕತ್ತಾಳ ತಸ್ಲೀಮಾ?"

"ಏನೂ ಮಾಡವಲ್ಲಳಕ್ಕ. ಸುಮ್ನ ಮಲಗ್ಯಾಳ."

"ಹಗಲೊತ್ತಿನ್ಯಾಗ?"

"ಹೂಂ ಮತ್ತ. ಅದಕ್ಕ ಹೋಗೂದು ಅಲ್ಲಿಗೆ."

ಬನಶಂಕರೆವ್ವ ಊದಿದ ತನ್ನ ಕಾಲುಗಳನ್ನು ಸೆರಗಿನಡಿ ಎಳೆದುಕೊಂಡಿದ್ದಳು. ಆಮೇಲೆ ಹದಿನೈದು ದಿನವೂ ಮಗ್ಗದ ಮೆಟ್ಟು ತುಳಿಯುವಾಗ ಆ ಕುರ್ಚಿ ಅವಳಿಗೆ ನೆನಪಾಗುತ್ತಿತ್ತು.

ಈಗ ಸಂಗಪ್ಪ ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತ ಹೇಳಿದ.

"ನೋಡಬೇ, ಸುಳ್ಳ ಹೇಳೂದಿಲ್ಲ ನಾ. ಹೆಸರ ನಿಂದ ಹೋಗತೈತಿ. ಹೋಗಾಕಿ ನಮ್ಮನಿಯಾಕಿ. ಉಳದ ಒಂಬತ್ತ ಹೆಸರಿನ್ಯಾಗೂ ನಮ್ಮ ಡೈರೆಕ್ಟರ ಮನಿ ಹೆಣ್ಮಕ್ಕಳ ಹೊಂಟಾರ. ಅಂಥಾ ಹೋಟೆಲ್‍ನ್ಯಾಗ ನಿಮಗ ಸಂಡಾಸ ಬಾಗಲಾ ತಗಿಯಾಕೂ ಬರೂದಿಲ್ಲ. ಊರ ಮರ್ಯಾದಿ ಹೋಗತೈತಿ."

"ಪಟ್ಟಿ ಹಚ್ಚಿದ್ರಲ್ರಿ ಸಾವಕಾರ್ರ..."

"ಹಚ್ಚೂದ ನಮ್ಮ ಕೆಲಸ, ಹಚ್ಚಿದ್ವಿ. ಹರಿಯೂದೂ ನಮ್ಮ ಕೆಲಸ." ಅವನ ದನಿ ಗಡುಸಾಯಿತು. "ನಿನ್ನ ಮನ್ಯಾಗಿನ ಮಗ್ಗ ಯಾರದು?"

ಬನಶಂಕರೆವ್ವ ಕೈಯಲ್ಲಿದ್ದ ಝೆರಾಕ್ಸನ್ನು ನೆಟ್ಟಗೆ ಮಾಡಿಕೊಂಡಳು.

"ಬೊಗಳಬೇ. ಯಾರದು?"

"ಸಂಘದ್ದರಿ."

"ನೂಲು?"

"ಸಂಘದ್ದರಿ."

"ತಿಳೀತಲ್ಲ? ಕಾಗದಾ ಅಲ್ಲಿಟ್ಟ ಹೋಗು."

* * *

ಮಾರನೆಯ ದಿನ ಸಂಗಪ್ಪನ ಹೆಂಡತಿ ಶಾಂಭವಿ ಬನಶಂಕರೆವ್ವನ ಮನೆಗೇ ಬಂದಳು. ಕಾರು ಓಣಿಯೊಳಗೆ ಹಿಡಿಸದೆ ಮೂಲೆಯಲ್ಲೇ ನಿಂತಿತು. ಗಟಾರು ದಾಟುವಾಗ ಅವಳು ಮೂಗಿಗೆ ಕರ್ಚೀಫು ಹಿಡಿದಿದ್ದಳು. ಅವಳ ಹಿಂದೆ ಅಜಯಕುಮಾರ ಸಂಘದ ಮಡಚುವ ಕುರ್ಚಿಯನ್ನು ಹೊತ್ತು ತಂದ. ಇವರ ಮನೆಯ ಚಾಪೆಯ ಮೇಲೆ ಕೂಡಲು ಅವಳಿಗೆ ಮನಸ್ಸಿರಲಿಲ್ಲ.

ಮಗ್ಗದಲ್ಲಿದ್ದ ಗಂಡ ಪ್ರಲ್ಹಾದ ದಡಬಡಿಸಿ ಎದ್ದ. "ಬರ್ರಿ ಅಕ್ಕಾರ, ಕುಂಡ್ರಿ. ಏ, ನೀರ ಕೊಡ."

"ನೀರ ಬ್ಯಾಡ," ಎಂದಳು ಶಾಂಭವಿ. "ಬಾಟ್ಲಿ ತಂದೇನಿ."

ಬಂದ ಕಾರಣವನ್ನು ಅಜಯಕುಮಾರ ಹೇಳಿದ. ಬಸ್ಸು ಬಿಡುವ ದಿನ ಬೆಂಗಳೂರಿಂದ ಇಲಾಖೆಯ ಸಾಹೇಬರು ಬರುತ್ತಾರೆ. ಹೆಸರು ಕೂಗಿ ಒಬ್ಬೊಬ್ಬರನ್ನೂ ಮಾತಾಡಿಸಿ ವಿಡಿಯೊ ಮಾಡಿಸುತ್ತಾರೆ. ಅಕ್ಕಾವರು ನೇಕಾರಳ ಹಾಗೆ ಉತ್ತರ ಕೊಡಬೇಕು. ಅದಕ್ಕೆ ಬೇಕಾದದ್ದನ್ನು ಬನಶಂಕರೆವ್ವ ಕಲಿಸಬೇಕು.

"ಕೈ ತೋರ್ಸು," ಎಂದಳು ಶಾಂಭವಿ.

ಬನಶಂಕರೆವ್ವ ಅಂಗೈ ಚಾಚಿದಳು. ಶಾಂಭವಿ ಮುಟ್ಟದೆ ಬಗ್ಗಿ ನೋಡಿದಳು.

"ಅಯ್ಯ, ಇದೇನ ಕೈಯೋ ಖೊಬ್ಬರಿ ಹೆರಿಯೂದೋ! ಅಜ್ಯಾ, ನಾ ಸೆರಗಿನ್ಯಾಗ ಕೈ ಮುಚಗೋತೀನಿ. ವಿಡಿಯೋದಾಗ ಕಾಣೂದಿಲ್ಲ."

ಲಾಳಿ ಯಾವುದು, ಕಂಡಿಕೆ ಯಾವುದು, ಹಾಸು ಅಂದರೇನು, ಹೊಕ್ಕು ಅಂದರೇನು ಎಂದು ಅವಳು ಕೇಳಿದಳು. ಬನಶಂಕರೆವ್ವ ಒಂದೊಂದನ್ನೇ ತೋರಿಸಿದಳು. ಶಾಂಭವಿ ಮೊಬೈಲಿನಲ್ಲಿ ಬರೆದುಕೊಂಡಳು. ನಡುವೆ ಯಾರದೋ ಫೋನು ಬಂತು. "ಹೂಂನ್ರೀ ವೈನಿ, ಸಮುದ್ರ ಕಾಣೋ ರೂಮ ಹಿಡದೇವಿ. ಮಾಲೀಸಿಗೆ ಮೊದಲ ದಿನಾನ ಹೆಸರ ಹಚ್ಚಸ್ರಿ, ಆಮ್ಯಾಲ ಸಿಗೂದಿಲ್ಲಂತ. ಎರಡನೇ ದಿನ ಸಂಜಿಕ ದೋಣ್ಯಾಗ ಊಟ. ಕೇಕ್ ನಾ ಹೇಳೇನಿ, ನಿಮ್ಮ ಬರ್ತ್‌ಡೇ ಅಲ್ಲೇ ಮಾಡೂಣು," ಎಂದು ಹತ್ತು ನಿಮಿಷ ಮಾತಾಡಿದಳು. ಅಷ್ಟು ಹೊತ್ತೂ ಬನಶಂಕರೆವ್ವ ಲಾಳಿ ಹಿಡಿದುಕೊಂಡು ನಿಂತೇ ಇದ್ದಳು.

ಫೋನು ಇಟ್ಟು ಶಾಂಭವಿ ಕೇಳಿದಳು. "ಮಕ್ಕಳೆಷ್ಟ ನಿನಗ? ಸಾಹೇಬ ಕೇಳಿದ್ರ ಹೇಳಬೇಕಲ್ಲ."

"ಇಲ್ರಿ."

"ಆಗೇ ಇಲ್ಲೇನ?"

"ಒಂದು ಇತ್ರಿ. ಹೆಣ್ಣು. ತೀರಕೊಂಡೈತಿ."

"ಹೌದಾ? ಎಷ್ಟ ವರ್ಷದ್ದಿತ್ತು?"

"ಐದರಿ."

"ಏನಾಗಿ?"

ಪ್ರಲ್ಹಾದ ನೆಲ ನೋಡತೊಡಗಿದ. ಅಜಯಕುಮಾರ ಗಡಬಡಿಸಿ ಬಾಯಿ ಹಾಕಿದ. "ಅದೆಲ್ಲಾ ಬ್ಯಾಡ್ರಿ ಅಕ್ಕಾರ. ಬಣ್ಣದ ಮನಿ ಸುದ್ದಿ ಅದು. ಜ್ವರಾ ಬಂದ ಸತ್ತಿತು ಅನ್ರಿ ಸಾಕು."

ಒಂಬತ್ತು ವರ್ಷದ ಹಿಂದಿನ ಮಾತು. ಸಂಘದ ಬಣ್ಣದ ಮನೆಯಲ್ಲಿ ನೂಲು ಅದ್ದುವ ಹಂಡೆಯನ್ನು ನೆಲದ ಮಟ್ಟಕ್ಕೆ ಹೂಳಿದ್ದರು. ಸುತ್ತ ಕಟ್ಟೆ ಇರಲಿಲ್ಲ. ಕಟ್ಟೆ ಕಟ್ಟಿಸಿರೆಂದು ನೇಕಾರರು ಎರಡು ಸಲ ಕೇಳಿದ್ದರು. ಬನಶಂಕರೆವ್ವ ನೂಲಿನ ಲಡಿ ಎಣಿಸಿಕೊಳ್ಳುತ್ತಿದ್ದಾಗ ಬೆನ್ನ ಹಿಂದೆ ಆಡುತ್ತಿದ್ದ ಮಗಳು ಶಾಕಾಂಬರಿ ಹಿಂದೆ ಹಿಂದೆ ಹೆಜ್ಜೆ ಇಟ್ಟಳು. ಹಂಡೆಯಲ್ಲಿ ಕೆಂಪು ಬಣ್ಣ ಕುದಿಯುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸುಗಳು ರಕ್ತವೆಂದು ತಿಳಿದು ಒರೆಸಿದರು. ಎಷ್ಟು ಒರೆಸಿದರೂ ಕೆಂಪು ಹೋಗಲಿಲ್ಲ. ಮೂರನೆಯ ದಿನ ಮಗು ತೀರಿಕೊಂಡಿತು. "ಮನ್ಯಾಗ ಜಳಕದ ನೀರ ಚೆಲ್ಲಿ ಸುಟ್ಟೈತಿ ಅಂತ ಬರಸು. ಇಲ್ಲಂದ್ರ ಸಂಘಕ್ಕ ಕೀಲಿ ಬೀಳತೈತಿ. ಎಲ್ಲಾರ ಮಗ್ಗಾನೂ ನಿಲ್ಲತಾವ. ಅವರ ಮಕ್ಕಳ ಹೊಟ್ಟಿಗೆ ಮಣ್ಣ ಹಾಕತಿ ಏನ?" ಎಂದಿದ್ದ ಸಂಗಪ್ಪ. ಪ್ರಲ್ಹಾದ ಆ ಹೇಳಿಕೆಗೆ ಸಹಿ ಮಾಡಿದ. ಬನಶಂಕರೆವ್ವ ಪಕ್ಕದಲ್ಲೇ ನಿಂತು ಹೂಂ ಅಂದಳು. ಆಮೇಲೆ ಆ ಮನೆಯಲ್ಲಿ ಆ ಮಗುವಿನ ಹೆಸರನ್ನು ಯಾರೂ ಎತ್ತಿರಲಿಲ್ಲ.

"ಆತು, ಜ್ವರಾ ಅಂತ ಬರಕೋತೀನಿ," ಎಂದಳು ಶಾಂಭವಿ. "ಅಳೂದೇನ ನನಗ ಜಲ್ದಿ ಬರ್ತೈತಿ. ಅದಕ ಚಿಂತಿಲ್ಲ."

ಏಳುವಾಗ ಒಂದು ಹಳೆಯ ಸೀರೆ ಕೇಳಿದಳು. ಬನಶಂಕರೆವ್ವ ಒಳಗೆ ಹೋಗಿ ತಂದುಕೊಟ್ಟಳು. ಅಜಯಕುಮಾರ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದ. "ಡೆಟ್ಟಾಲ್ ಹಾಕಿ ಎರಡ ಸಲ ಒಗಿಸು," ಎಂದು ಶಾಂಭವಿ ಅವನಿಗೆ ಹೇಳಿದ್ದು ಬಾಗಿಲ ಆಚೆಯಿಂದ ಕೇಳಿಸಿತು.

* * *

ಅವರು ಹೋದಮೇಲೆ ಪ್ರಲ್ಹಾದ ಮತ್ತೆ ಕುಣಿಗೆ ಇಳಿದ. ಲಾಳಿ ಒಗೆದ. ಎರಡು ಎಳೆ ಹರಿದವು. ಬಗ್ಗಿ ಗಂಟು ಹಾಕತೊಡಗಿದ.

"ಜ್ವರಾ ಅಂತ," ಎಂದಳು ಬನಶಂಕರೆವ್ವ.

"ಸುಮ್ನಿರು."

"ಸುಮ್ನ ಇದ್ದೇನಲ್ಲ ಒಂಬತ್ತ ವರ್ಷ. ಸಮುದ್ರಾ ಹೋಗ್ಲಿ, ಅದರವ್ವನ. ನೋಡಲಿಲ್ಲಂದ್ರ ಸಾಯೂದಿಲ್ಲ ನಾ. ಆದ್ರ ಆಕಿ ನನ್ನ ಸೀರಿ ಉಟಗೊಂಡು ನನ್ನ ಕೂಸಿನ ಸಲುವಾಗಿ ಅಳತಾಳಂತ್ರಿ. ನಾ ಅತ್ತಿಲ್ಲ. ನನಗ ಅಳಾಕ ಬಿಟ್ಟಿಲ್ಲ ನೀವು. ಯಾರರ ಕೇಳ್ಯಾರು ಅಂತ ಬಾಯಾಗ ಸೆರಗ ತುರಕಿದ್ರಿ."

"ಮಗ್ಗ ಒಯ್ತಾರ ಬೇ."

"ಒಯ್ಲಿ."

"ಒಯ್ಲಿ ಅಂದ್ರ? ಈ ವಯಸ್ಸಿನ್ಯಾಗ ನಾ ಗದಗ ಸ್ಟೇಶನ್ನಿನ್ಯಾಗ ಹಮಾಲಿ ಮಾಡ್ಲೇನು?" ಪ್ರಲ್ಹಾದನಿಗೆ ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಕುಣಿಯ ಅಂಚಿಗೆ ತಲೆ ಆನಿಸಿದ. ಬನಶಂಕರೆವ್ವ ನೀರು ತಂದು ಕುಡಿಸಿದಳು.

ನಳದಲ್ಲಿ ನೀರು ಬಂದ ದಿನ ಕೊಡ ಹಿಡಿದು ಸಾಲಾಗಿ ನಿಂತಾಗ ತಿಪ್ಪವ್ವ ಹೇಳಿದಳು. "ನಾನಂತೂ ಸಂಗಪ್ಪನ ತಂಗಿ ಆಗೇನವ್ವ, ನನ್ನ ಹೆಸರಿನ್ಯಾಗ ಆಕೀನ ಹೊಂಟಾಳ. ನನ್ನ ಗಂಡ ಕುಡುದ ಸತ್ತಾನ ಅನ್ನೂದನ್ನೂ ಬರಕೊಂಡ ಹೋದ್ಲು. ಆಕಿ ಗಂಡ ನೋಡಿದ್ರ ಜೀವಂತ ಅದಾನ."

ಯಾರೋ ನಕ್ಕರು.

ತಸ್ಲೀಮ ನಗಲಿಲ್ಲ. "ನನ್ನ ಹೆಸರಿನ್ಯಾಗ ಹೋಗಾಕೀಗೆ ಬುರ್ಖಾ ಹ್ಯಾಂಗ ಹಾಕೋಬೇಕು ತೋರ್ಸು ಅಂದ್ರು. ನಾ ಹಾಕೋದ ಇಲ್ರೀ ಅಂದೆ. ಇರ್ಲಿ ಬಿಡು, ಹಾಕೊಂಡ್ರ ಖರೇ ಅನಸತೈತಿ ಅಂದ್ರು."

* * *

ಬಸ್ಸು ಬಿಡುವ ಮುಂಜಾನೆ ಸಂಘದ ಅಂಗಳಕ್ಕೆ ಚೊಕ್ಕ ನೀರು ಹೊಡೆದಿದ್ದರು. ಎತ್ತರದ ಬಿಳಿ ಬಸ್ಸು, ಮುಚ್ಚಿದ ಗಾಜಿನ ಕಿಟಕಿ, ಮುಂದೆ ಚೆಂಡುಹೂವಿನ ಹಾರ. ಎಂಟು ಗಂಟೆಗೇ ಬಿಸಿಲು ಸುಡುತ್ತಿತ್ತು. ಆರತಿ ಹಿಡಿಯಲು, ಚಪ್ಪಾಳೆ ತಟ್ಟಲು ಓಣಿಯ ಹೆಂಗಸರನ್ನು ಅಜಯಕುಮಾರ ಬರಹೇಳಿದ್ದ. ಬರದಿದ್ದವರಿಗೆ ಮುಂದಿನ ವಾರ ನೂಲಿಲ್ಲ ಎಂದೂ ಹೇಳಿದ್ದ. ಹಾಗಾಗಿ ಪಟ್ಟಿಯ ಹತ್ತೂ ಮಂದಿ ಗೋಡೆಯ ಪಕ್ಕ ನಿಂತಿದ್ದರು. ಅವರ ಎದುರಿಗೆ ಬಸ್ಸಿನ ಬಾಗಿಲ ಹತ್ತಿರ ಅವರವೇ ಹಳೆಯ ಸೀರೆ ಉಟ್ಟ ಬೇರೆ ಹತ್ತು ಮಂದಿ ನಿಂತಿದ್ದರು. ಕಾಲಲ್ಲಿ ಮಾತ್ರ ಪ್ರವಾಸಕ್ಕೆಂದು ಕೊಂಡ ಬಿಳಿ ಬೂಟುಗಳು.

ಸಾಹೇಬ ಜೀಪಿನಿಂದ ಇಳಿದ. ಮೊಬೈಲು ಹಿಡಿದವನು ಮುಂದೆ ಬಂದ. ಅಜಯಕುಮಾರ ಪಟ್ಟಿ ತೆಗೆದು ಕೂಗಿದ.

"ಬನಶಂಕರೆವ್ವ, ಗಂಡ ಪ್ರಲ್ಹಾದ!"

"ಹಾಜರ ಅದೇನ್ರಿ," ಎಂದಳು ಶಾಂಭವಿ.

"ಎಷ್ಟು ವರ್ಷದಿಂದ ನೇಯ್ತಿದ್ದೀರಮ್ಮ?" ಸಾಹೇಬ ಮೊಬೈಲಿನ ಕಡೆ ಮುಖ ಮಾಡಿ ಕೇಳಿದ.

"ಇಪ್ಪತ್ತಾರ ವರ್ಷಾತರಿ."

"ಮಕ್ಕಳು?"

ಶಾಂಭವಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. "ಒಂದ ಹೆಣ್ಣಿತ್ತರಿ ಸಾಹೇಬ್ರ. ಐದ ವರ್ಷದ್ದು. ಜ್ವರಾ ಬಂದು ತೊಡೀ ಮ್ಯಾಲ ಜೀವಾ ಬಿಡ್ತರಿ..." ಹೇಳಿದಂತೆಯೇ ಅವಳಿಗೆ ಅಳು ಜಲ್ದಿ ಬಂತು. ನಿಜವಾದ ಕಣ್ಣೀರೇ ಇಳಿಯಿತು.

"ಛೆ ಛೆ. ಹೋಗ್ಬನ್ನಿ, ನಾಲ್ಕು ದಿನ ಎಲ್ಲ ಮರೆತುಬಿಡಿ," ಎಂದ ಸಾಹೇಬ.

ಬನಶಂಕರೆವ್ವ ಕೈಯಲ್ಲಿದ್ದ ಆರತಿ ತಟ್ಟೆಯನ್ನು ನೆಲದ ಮೇಲಿಟ್ಟಳು.

"ಆ ಕೂಸಿನ ಹೆಸರೇನಂತ ಕೇಳ್ರಿ ಸಾಹೇಬ್ರ ಆಕೀನ್ನ."

ಎಲ್ಲರೂ ತಿರುಗಿದರು. ಶಾಂಭವಿ ಅಜಯಕುಮಾರನ ಕಡೆ ನೋಡಿದಳು. ಅವನಿಗೂ ಗೊತ್ತಿರಲಿಲ್ಲ.

"ಪುಟ್ಟಿ..." ಎಂದಳು ಶಾಂಭವಿ. "ಪುಟ್ಟಿ ಪುಟ್ಟಿ ಅಂತಿದ್ವಿರಿ."

"ಶಾಕಾಂಬರಿ," ಎಂದಳು ಬನಶಂಕರೆವ್ವ. ಒಂಬತ್ತು ವರ್ಷ ಆಡದಿದ್ದ ಹೆಸರು ಅದು. ಮತ್ತೊಮ್ಮೆ ಜೋರಾಗಿ ಹೇಳಿದಳು. "ಶಾಕಾಂಬರಿ ಆಕಿ ಹೆಸರು. ಬನಶಂಕರೆವ್ವ ನಾನು. ಜ್ವರಾ ಬಂದ ಸತ್ತಿಲ್ರೀ ನನ್ನ ಮಗಳು. ಅಕೋ ಅಲ್ಲೆ, ಆ ತಗಡಿನ ಮನ್ಯಾಗ ಇವರ ಬಣ್ಣದ ಹಂಡೇದಾಗ ಬಿದ್ದು ಬೆಂದ ಸತ್ತಾಳ. ಮನ್ಯಾಗ ಸುಟ್ಟಿತು ಅಂತ ಸುಳ್ಳ ಬರಸೇವಿ ನಾವು. ಈ ಸಾವಕಾರ ಬರಿಸ್ಯಾನ, ಮಗ್ಗದ ಆಸೇಕ್ಕ ನಾವು ಬರಸೇವಿ. ನಮ್ಮ ಬಾಯಾಗ ಹುಳಾ ಬೀಳ್ಲಿ."

ಮೊಬೈಲು ಹಿಡಿದವನು ಕೈ ಇಳಿಸಿದ. ಸಂಗಪ್ಪ ಎರಡೇ ಹೆಜ್ಜೆಯಲ್ಲಿ ಬಂದು ಅವಳ ರಟ್ಟೆ ಹಿಡಿದು ಗೋಡೆಗೆ ತಳ್ಳಿದ. "ತಲಿ ಕೆಟ್ಟೈತ್ರಿ ಇದಕ್ಕ, ಕೂಸು ಸತ್ತಾಗಿಂದ ಹಿಂಗ. ಏ ರಂಡೇ, ನಡೀ ಮನೀಗೆ!"

ಸಾಹೇಬ ಗಡಿಯಾರ ನೋಡಿಕೊಂಡ. ಅವನು ಶಾಂಭವಿಯ ಬಿಳಿ ಬೂಟನ್ನು ನೋಡಿದ್ದ, ಎದುರಿಗಿದ್ದ ಹತ್ತು ಮಂದಿಯ ಕಾಲನ್ನೂ ನೋಡಿದ್ದ. "ಸಂಗಪ್ಪನವರೇ, ಇದು ನಿಮ್ಮ ಲೋಕಲ್ ವಿಷಯ. ನೀವೇ ಬಗೆಹರಿಸ್ಕೊಳ್ಳಿ. ನಾನು ಮುಂಡರಗಿಗೆ ಹೋಗ್ಬೇಕು, ಅಲ್ಲೊಂದು ಮೀಟಿಂಗ್ ಇದೆ," ಎಂದು ಜೀಪು ಹತ್ತಿದ. ಜೀಪಿನ ಧೂಳು ಆರತಿ ತಟ್ಟೆಯ ಮೇಲೆ ಕುಳಿತಿತು.

ಬನಶಂಕರೆವ್ವ ಗೋಡೆ ಬಿಟ್ಟು ಸರಿದಳು. ಮನೆಯ ದಿಕ್ಕಿಗೆ ಹೋಗಲಿಲ್ಲ. ಶಾಂಭವಿಯನ್ನು ದಾಟಿ ಬಸ್ಸಿನ ಮೆಟ್ಟಿಲು ಹತ್ತಿದಳು. ಪ್ರತಿ ಸೀಟಿನ ಬೆನ್ನಿಗೆ ಒಂದೊಂದು ಹೆಸರಿನ ಚೀಟಿ ಅಂಟಿಸಿದ್ದರು. ಮೊದಲ ಸೀಟಿನಲ್ಲಿ ಅವಳ ಹೆಸರಿತ್ತು. ಅದರ ಮೇಲಿದ್ದ ಶಾಂಭವಿಯ ಬ್ಯಾಗನ್ನು ಎತ್ತಿ ನಡುದಾರಿಯಲ್ಲಿಟ್ಟು ಕುಳಿತಳು.

ಆಮೇಲೆ ತಸ್ಲೀಮ ಹತ್ತಿದಳು. ಅವಳ ಹಿಂದೆ ತಿಪ್ಪವ್ವ, ಮೊಣಕಾಲು ನೋವಿಗೆ ಕಂಬಿ ಹಿಡಿದು, "ಯವ್ವಾ, ಎಷ್ಟ್ ಎತ್ತರ ಮಾಡ್ಯಾರವ್ವ ಮೆಟ್ಟಲಾ," ಎನ್ನುತ್ತ ಹತ್ತಿದಳು. ಬನಶಂಕರೆವ್ವನೂ ಸೇರಿ ಆರು ಮಂದಿ ಹತ್ತಿದರು. ಉಳಿದ ನಾಲ್ವರು ಗೋಡೆಯ ಬಳಿ ತಲೆ ತಗ್ಗಿಸಿ ನಿಂತರು.

"ಇಳೀರಿ ಹಾದರಗಿತ್ತೇರ್ಯಾ! ನಿಮ್ಮಪ್ಪನ ಬಸ್ಸೇನ ಇದು?" ಸಂಗಪ್ಪ ಮೆಟ್ಟಿಲ ಮೇಲೆ ನಿಂತು ಅರಚಿದ.

"ನಮ್ಮ ಹೆಸರಿನ್ಯಾಗ ಐತಿ," ಎಂದಳು ತಸ್ಲೀಮ.

ಅವನು ಒಳಗೆ ಬಂದು ತಿಪ್ಪವ್ವನ ಕೂದಲಿಗೆ ಕೈ ಹಾಕಿದ. ಆರೂ ಮಂದಿ ಒಟ್ಟಿಗೆ ಎದ್ದು ನಿಂತರು. ಯಾರೂ ಕೈ ಎತ್ತಲಿಲ್ಲ, ಬರೀ ನಿಂತರು. ಸಂಗಪ್ಪ ಕೂದಲು ಬಿಟ್ಟು ಹಿಂದೆ ಸರಿದು ಇಳಿದ. ಡ್ರೈವರನಿಗೆ ಎಂಜಿನ್ ಬಂದ್ ಮಾಡಿ ಬಾಗಿಲು ಹಾಕಲು ಹೇಳಿದ. ಡ್ರೈವರು ಪರಶುರಾಮ ಹಿಂಜರಿದ. "ಗಾಜ ತೆರಿಯೂದಿಲ್ರೀ ಸಾವಕಾರ್ರ. ಏಸಿ ಇಲ್ಲಂದ್ರ ಒಳಗ ಉಸರ ಕಟ್ಟತೈತಿ."

"ಕಟ್ಲಿ. ಸಾಕಾದಾಗ ಬಾಗಲಾ ಬಡೀತಾರ."

ಬಾಗಿಲು ಮುಚ್ಚಿತು.

ಒಂಬತ್ತಾಯಿತು, ಹತ್ತಾಯಿತು. ಬಿಳಿ ಬೂಟಿನವರು ಆಫೀಸಿನ ಫ್ಯಾನಿನಡಿ ಕುಳಿತು ಹೋಟೆಲಿಗೆ ಫೋನು ಮಾಡುತ್ತಿದ್ದರು. ಬಸ್ಸಿನ ತಗಡು ಕಾಯ್ದು ಒಳಗಿನ ಗಾಳಿ ದಪ್ಪವಾಯಿತು. ಹೆಂಗಸರ ಕುಪ್ಪಸ ಮೈಗೆ ಅಂಟಿತು. ತಿಪ್ಪವ್ವ ಬಾಯಿ ತೆರೆದು ಉಸಿರಾಡುತ್ತಿದ್ದಳು. ತಸ್ಲೀಮ ಅವಳಿಗೆ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಯಾರೂ ಬಾಗಿಲು ಬಡಿಯಲಿಲ್ಲ.

ಆಗ ಓಣಿಯ ತುದಿಯಿಂದ ಒಂದು ತಳ್ಳುಗಾಡಿ ಬಂತು. ಅಜಯಕುಮಾರ ಮುಂದೆ ನಡೆದಿದ್ದ, ಇಬ್ಬರು ಆಳುಗಳು ತಳ್ಳುತ್ತಿದ್ದರು. ಗಾಡಿಯಲ್ಲಿ ಮಗ್ಗದ ಬಿಡಿ ಮರಗಳು. ಮೇಲೆ ಸೀರೆ ಸುತ್ತುವ ಮರ, ಅದಕ್ಕೆ ಸುತ್ತಿಕೊಂಡ ಅರ್ಧ ನೇಯ್ದ ಸೀರೆ. ಹಾಸಿನ ಉದ್ದೆಳೆಗಳನ್ನು ಕುಡಗೋಲಿನಿಂದ ಕೊಯ್ದಿದ್ದರು. ಕೊಯ್ದ ಎಳೆಗಳು ಗಾಡಿಯ ಹಿಂದೆ ಜೋತಿದ್ದವು. ಪ್ರಲ್ಹಾದ ಹಿಂದೆ ಬರುತ್ತಿದ್ದ. ಆ ಎಳೆಗಳು ಮಣ್ಣಿಗೆ ತಾಗದಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮದುವೆಯಲ್ಲಿ ಯಾರದೋ ಸೆರಗು ಹಿಡಿದವನಂತೆ, ಬಗ್ಗಿ ನಡೆಯುತ್ತಿದ್ದ.

"ಬನಶಂಕ್ರವ್ವಾ," ತಿಪ್ಪವ್ವ ತೊದಲಿದಳು. "ನಿನ್ನ ಮಗ್ಗ ಬೇ..."

"ಕಂಡೇನಿ."

ಪ್ರಲ್ಹಾದ ಬಸ್ಸಿನ ಹತ್ತಿರ ಬಂದು ತಲೆ ಎತ್ತಿದ. ಗಾಜಿನ ಆಚೆ ಅವನ ಬಾಯಿ ಏನೋ ಅಂದಿತು. ಇಳಿ ಎಂದನೋ, ಇಳಿಯಬೇಡ ಎಂದನೋ, ಅವಳಿಗೆ ಕೇಳಿಸಲಿಲ್ಲ. ಗಾಡಿ ಮುಂದೆ ಸಾಗಿತು. ಅವನ ಕೈಯಲ್ಲಿದ್ದ ಎಳೆಗಳು ಬಿಗಿದು ಅವನನ್ನು ಎಳೆದವು. ಅವನು ಬಿಡಲಿಲ್ಲ, ಹಿಂದೆಯೇ ಹೋದ.

ಬನಶಂಕರೆವ್ವನ ಕಣ್ಣಿಗೆ ಬೆವರು ಇಳಿಯಿತು. ಒರೆಸಿಕೊಳ್ಳದೆ ಸೀಟಿನ ಎರಡೂ ಬದಿಯ ಹಿಡಿಗಳನ್ನು ಹಿಡಿದು ಕುಳಿತಳು. ಹೊರಗೆ ಸಂಗಪ್ಪ ಕರೆಸಿದ್ದ ಪೊಲೀಸ್ ವ್ಯಾನು ಬಂದು ನಿಂತಿತು.